ಅರ್ಧ ಟಿಕೆಟ್, ಫುಲ್ ಟಿಕೆಟ್, ಸೊನ್ನೆ ಟಿಕೆಟ್

"ನಿಮ್ಮ ಕಡೆ ಹೆಂಗಸರಿಗೆ ಮಹಾರಾಷ್ಟ್ರದಲ್ಲಿ ಅರ್ಧ ಟಿಕೆಟ್, ಕರ್ನಾಟಕದಲ್ಲಿ ಪೂರ್ತಿ ಫ್ರೀ. ಓಡಾಟ ಬಹಳ ಸುಲಭ ಆಗಿರಬೇಕು ಅಲ್ವಾ?" ಅಂತ ಮೈಸೂರಿನಿಂದ ಕೇಳಿದ್ದೀರಿ. ದೂರದಿಂದ ನೋಡಿದವರಿಗೆ ಹಾಗೇ ಕಾಣುತ್ತದೆ. ನಮ್ಮ ಅವ್ವನ ಜೊತೆ ಒಂದು ಸಲ ಪುಣೆಯಿಂದ ಚಿಕ್ಕೋಡಿಗೆ ಬಂದು ನೋಡಿ.

ನಮ್ಮದು ಚಿಕ್ಕೋಡಿ ತಾಲ್ಲೂಕಿನ ಹಳ್ಳಿ. ನಾನು ಹದಿನಾಲ್ಕು ವರ್ಷದಿಂದ ಪುಣೆ ಪಕ್ಕದ ಪಿಂಪರಿಯಲ್ಲಿದ್ದೇನೆ, ಕಾರ್ಖಾನೆ ಕೆಲಸ. ಅವ್ವ ಊರಲ್ಲೇ ಇರುತ್ತಾಳೆ. ಮೊಮ್ಮಕ್ಕಳನ್ನು ನೋಡಲು ಇಲ್ಲಿಗೆ ಬಂದು ಹೋಗುತ್ತಾಳೆ.

ಮಹಾರಾಷ್ಟ್ರದ ಎಸ್‌ಟಿ, ಅಂದರೆ ಅಲ್ಲಿನ ಸರ್ಕಾರಿ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ ಶುರುವಾಗಿದ್ದು 2023ರ ಮಾರ್ಚ್ 17ಕ್ಕೆ. ನಮ್ಮ ಶಕ್ತಿ ಯೋಜನೆ ಬಂದಿದ್ದು ಅದೇ ವರ್ಷ ಜೂನ್ 11ಕ್ಕೆ. ಎಸ್‌ಟಿಯ ಅರ್ಧ ಟಿಕೆಟ್ ಮಹಾರಾಷ್ಟ್ರದ ಗಡಿವರೆಗೆ ಮಾತ್ರ. ಶಕ್ತಿ ಕರ್ನಾಟಕದೊಳಗೆ ಓಡುವ ಸಾದಾ ಬಸ್ಸುಗಳಿಗೆ, ಅಂತರರಾಜ್ಯ ಬಸ್ಸಿಗೆ ಇಲ್ಲ. ಹಾಗಾಗಿ ಪುಣೆಯಿಂದ ಬೆಳಗಾವಿಗೆ ಹೋಗುವ ಕರ್ನಾಟಕದ ಬಸ್ಸು ಹತ್ತಿದರೆ ಗಡಿಯ ಈಚೆಗಿನ ನಮ್ಮ ನಿಪ್ಪಾಣಿಗೆ ಫುಲ್ ಟಿಕೆಟ್. ಅದು ನಮ್ಮ ರಾಜ್ಯದ್ದೇ ಬಸ್ಸು, ಹತ್ತಿದವಳು ನಮ್ಮ ರಾಜ್ಯದವಳೇ, ಆದರೂ ರಿಯಾಯಿತಿ ಇಲ್ಲ.

ಅದಕ್ಕೇ ಅವ್ವ ನೇರ ಬಸ್ಸು ಹತ್ತುವುದಿಲ್ಲ. ಬೆಳಿಗ್ಗೆ ಪುಣೆಯ ಸ್ವಾರಗೇಟ್ ಸ್ಟ್ಯಾಂಡಿನಿಂದ ಕೊಲ್ಹಾಪುರದ ಎಸ್‌ಟಿ ಹಿಡಿಯುತ್ತಾಳೆ. ಸುಮಾರು 230 ಕಿಲೋಮೀಟರ್, ಅರ್ಧ ಟಿಕೆಟ್. ಕೊಲ್ಹಾಪುರದಲ್ಲಿ ಇಳಿದು ನಿಪ್ಪಾಣಿ ಬಸ್ಸಿಗೆ ಕಾಯುತ್ತಾಳೆ. ಅದು ಗಡಿ ದಾಟುವ ಕರ್ನಾಟಕದ ಬಸ್ಸು, ಫುಲ್ ಟಿಕೆಟ್. ನಿಪ್ಪಾಣಿಯಲ್ಲಿ ಮತ್ತೆ ಇಳಿದು ಚಿಕ್ಕೋಡಿ ಬಸ್ಸು. ಅಲ್ಲಿ ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್.

ಹೋದ ಸಲ ನಾನೂ ಜೊತೆಗಿದ್ದೆ. ಕೊಲ್ಹಾಪುರ ಸ್ಟ್ಯಾಂಡಿನಲ್ಲಿ ಬೆಂಚು ತುಂಬಿತ್ತು. ಅವ್ವ ಚೀಲ ನೆಲಕ್ಕಿಟ್ಟು, ಗೋಡೆಗೆ ಒರಗಿ, ಎರಡೂ ಕೈಯಿಂದ ಮೊಣಕಾಲು ಒತ್ತಿಕೊಳ್ಳುತ್ತಾ ಕೂತಿದ್ದಳು. ಎಸ್‌ಟಿಯ ಮೆಟ್ಟಿಲು ಎತ್ತರ, ಇಳಿಯುವಾಗ ನನ್ನ ಹೆಗಲು ಹಿಡಿದುಕೊಂಡಿದ್ದಳು. "ನೇರ ಬಸ್ಸಿಗೇ ಬರಬೇಕಿತ್ತವ್ವಾ, ದುಡ್ಡು ನಾ ಕೊಡ್ತಿದ್ದೆ" ಅಂದೆ. "ನಿನ್ನ ಕಡೆ ಕೇಳಬಾರದು ಅಂತಲೇ ಹಿಂಗ ಬರ್ತೀನಿ" ಅಂದಳು. ಆಧಾರ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಟಿಕೆಟ್ಟುಗಳನ್ನೂ ಮಡಿಚಿ ಇಡುತ್ತಾಳೆ. ಮನೆ ಮುಟ್ಟುವವರೆಗೂ ಒಂದನ್ನೂ ಎಸೆಯುವುದಿಲ್ಲ.

ನನ್ನ ಕಡೆ ಕೇಳಬಾರದು ಅಂದ ಅವ್ವನ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಅರ್ಧ ಟಿಕೆಟ್ ಬರುವ ಮೊದಲು ಅವ್ವ ದೀಪಾವಳಿಗೆ ಒಮ್ಮೆ ಬರುತ್ತಿದ್ದಳು, ಅದೂ ನಾನು ದುಡ್ಡು ಕಳಿಸಿದರೆ. ಈಗ ಎರಡು ಮೂರು ತಿಂಗಳಿಗೊಮ್ಮೆ ತಾನೇ ಹೊರಟು ಬರುತ್ತಾಳೆ. ಸುಮ್ನೆ ಫ್ರೀ ಕೊಟ್ಟು ದುಡ್ಡು ಹಾಳು ಮಾಡುತ್ತಾರೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅದು ನಿಜವಾದ ಲಾಭ. ಆದರೆ ಗಡಿಯ ಹೆಣ್ಣುಮಗಳು ಆ ಲಾಭ ಪಡೆಯಬೇಕಾದರೆ ಎರಡು ಬಸ್ಸಿನ ದಾರಿಯನ್ನು ಮೂರು ಬಸ್ಸು ಮಾಡಿಕೊಳ್ಳಬೇಕು. ದುಡ್ಡಿನಲ್ಲಿ ಉಳಿದದ್ದನ್ನು ಮೈಯಲ್ಲಿ ತೀರಿಸಬೇಕು. ಎರಡು ಸರ್ಕಾರಗಳು ಕೂತು ಮಾತಾಡಿದರೆ ಒಂದೇ ಬಸ್ಸಿನಲ್ಲಿ, ಗಡಿವರೆಗೆ ಅವರ ರಿಯಾಯಿತಿ, ಗಡಿಯಿಂದ ನಮ್ಮದು ಅಂತ ಕೊಡಬಹುದು. ಟಿಕೆಟ್ ಕೊಡುವುದು ಈಗ ಯಂತ್ರ ತಾನೇ, ಅದಕ್ಕೇನು ಕಷ್ಟ?

ಇನ್ನೊಂದು ತೊಡಕು ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಶಕ್ತಿಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ನನ್ನ ಹೆಂಡತಿ ಹುಟ್ಟಿದ್ದು ರಾಯಬಾಗದಲ್ಲಿ, ಓದಿದ್ದು ಕನ್ನಡ ಶಾಲೆಯಲ್ಲಿ. ಮಗನ ಶಾಲೆ, ಗ್ಯಾಸ್, ಬ್ಯಾಂಕು ಅಂತ ಪುಣೆಯಲ್ಲಿ ಎಲ್ಲದಕ್ಕೂ ಇಲ್ಲಿನ ವಿಳಾಸ ಕೇಳಿದರು. ಆಧಾರ್ ಬದಲಾಯಿಸಿದೆವು. ಆವತ್ತಿನಿಂದ ತವರಿಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಫುಲ್ ಟಿಕೆಟ್. ಪಿಂಪರಿ, ಚಿಂಚವಾಡದಲ್ಲಿ ವಿಜಯಪುರ, ಕಲಬುರಗಿ, ಬೀದರಿನಿಂದ ಬಂದವರ ಮನೆಗಳಲ್ಲೂ ಇದೇ ಲೆಕ್ಕಾಚಾರ. ಯಾರ ಆಧಾರ್ ಊರಿನದು ಇರಲಿ, ಯಾರದು ಇಲ್ಲಿನದು ಆಗಲಿ? ಮನೆಯಲ್ಲಿ ಕೂತು ಹಂಚಿಕೊಳ್ಳುತ್ತಾರೆ.

ಊರಿಗೆ ಹೋಗುವುದಾದರೂ ಅಪರೂಪ. ದಿನದ ಓಡಾಟದ್ದು ಬೇರೆ ಕತೆ. ಎಸ್‌ಟಿಯ ಅರ್ಧ ಟಿಕೆಟ್ ಪುಣೆಯ ಸಿಟಿ ಬಸ್ಸಿಗೆ ಅನ್ವಯಿಸುವುದಿಲ್ಲ. 2025ರ ಜೂನ್ 1ರಿಂದ ಸಿಟಿ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10 ಆಯಿತು. ತಿಂಗಳ ಪಾಸು 900 ಇದ್ದದ್ದು 1500. ನಮ್ಮ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಜೇವರ್ಗಿ ಕಡೆಯ ಒಬ್ಬ ಅಕ್ಕ ಇದ್ದಾಳೆ. ಔಂಧ್‌ನಲ್ಲಿ ಎರಡು ಮನೆ, ಬಾಣೇರದಲ್ಲಿ ಒಂದು ಮನೆ ಕೆಲಸ, ದಿನಕ್ಕೆ ನಾಲ್ಕು ಬಸ್ಸು. ಮೂರೂ ಮನೆ ಸೇರಿ ಏಳೂವರೆ ಸಾವಿರ ಬರುತ್ತಿತ್ತು. ಅದರಲ್ಲಿ 1500 ಪಾಸಿಗೆ ಅಂದರೆ ಐದರಲ್ಲಿ ಒಂದು ಪಾಲು. ಅವಳು ಬಾಣೇರದ ಮನೆ ಬಿಟ್ಟಳು, ಪಾಸೂ ಬಿಟ್ಟಳು. ಈಗ ಸಂಜೆ ಅರ್ಧ ದಾರಿ ನಡೆದು ಬಂದು, ಉಳಿದರ್ಧಕ್ಕೆ ಬಸ್ಸು ಹತ್ತುತ್ತಾಳೆ. ಅವಳ ತಂಗಿ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಾಳೆ. ಆಕೆಗೆ ಅಲ್ಲಿ ಸಿಟಿ ಬಸ್ಸು ಫ್ರೀ, ಹಾಗಾಗಿ ದೂರದ ಮನೆಯ ಕೆಲಸವನ್ನೂ ಹಿಡಿಯುತ್ತಾಳೆ. ಒಬ್ಬಳು ದಕ್ಷಿಣಕ್ಕೆ ಹೋದಳು, ಒಬ್ಬಳು ಪಶ್ಚಿಮಕ್ಕೆ ಬಂದಳು, ಅಷ್ಟೇ. ಇದನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮೆಟ್ರೊ ಬಂತಲ್ಲ ಅಂತೀರಿ. ಬಂದಿದೆ, ಚೆನ್ನಾಗಿದೆ. 2024ರ ಸೆಪ್ಟೆಂಬರ್ 29ರಿಂದ ಪಿಂಪರಿ ಕಡೆಯಿಂದ ನೇರ ಸ್ವಾರಗೇಟ್‌ವರೆಗೆ ಬರುತ್ತದೆ. ಲಿಫ್ಟ್ ಇರುವುದರಿಂದ ಅವ್ವನಿಗೆ ಬಹಳ ಇಷ್ಟ.

ರೈಲಿನ ವಿಷಯಕ್ಕೆ ಬಂದರೆ, 58 ದಾಟಿದ ಹೆಂಗಸರಿಗೆ ಅರ್ಧ, 60 ದಾಟಿದ ಗಂಡಸರಿಗೆ 40 ಪರ್ಸೆಂಟ್ ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ತಿರುಗಿ ಬರಲಿಲ್ಲ. ಹುಬ್ಬಳ್ಳಿ–ಪುಣೆ ವಂದೇ ಭಾರತ್ 2024ರಲ್ಲಿ ಬಂತು, ಆದರೆ ಚಿಕ್ಕೋಡಿ ರೋಡ್‌ನಲ್ಲಿ ನಿಲ್ಲುವುದಿಲ್ಲ. ಆ ಸ್ಟೇಷನ್ನೂ ಹೆಸರಿಗೆ ಚಿಕ್ಕೋಡಿ, ಊರಿನಿಂದ ದೂರ.

ಕೆಲವು ಸಲ ಎಷ್ಟು ದುಡ್ಡು ಕೊಟ್ಟರೂ ಬಸ್ಸೇ ಇರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ಕಂಡಕ್ಟರ್ ಮೇಲೆ ಹಲ್ಲೆಯಾಗಿ, ಎರಡೂ ಕಡೆ ಗಲಾಟೆ ಎದ್ದು, ಗಡಿ ದಾಟುವ ಬಸ್ಸುಗಳು ನಿಂತವು. ಅವ್ವ ಆಗ ನಮ್ಮ ಮನೆಯಲ್ಲೇ ಇದ್ದಳು. ಊರಲ್ಲಿ ಎಮ್ಮೆ ಹಾಲು ಕರೆಯುವವರಿಲ್ಲ ಅಂತ ದಿನಾ ಫೋನ್ ಹಚ್ಚಿ "ಬಸ್ ಬಿಟ್ರೇನು?" ಅಂತ ಕೇಳುತ್ತಿದ್ದಳು. ಭಾಷೆಯ ಹೆಸರಲ್ಲಿ ಜಗಳ ಆಡುವವರು ಕಾರಿನಲ್ಲಿ ಓಡಾಡುತ್ತಾರೆ. ನಿಪ್ಪಾಣಿ, ಕಾಗಲ್ ಸ್ಟ್ಯಾಂಡುಗಳಲ್ಲಿ ಕಾಯುತ್ತಾ ಕೂರುವವರು ಕನ್ನಡವನ್ನೂ ಮರಾಠಿಯನ್ನೂ ಒಂದೇ ಬಾಯಲ್ಲಿ ಆಡುವ ಜನ.

ಈ ಸಲದ ಯುಗಾದಿಗೆ ಅತ್ತೆ ಸೊಸೆ ಇಬ್ಬರೇ ಹೋದರು. ನಿಪ್ಪಾಣಿಯಲ್ಲಿ ಚಿಕ್ಕೋಡಿ ಬಸ್ಸು ಹತ್ತಿ ಇಬ್ಬರೂ ಆಧಾರ್ ತೋರಿಸಿದ್ದಾರೆ. ಕಂಡಕ್ಟರ್ ಅವ್ವನಿಗೆ ಸೊನ್ನೆ ಟಿಕೆಟ್ ಹರಿದುಕೊಟ್ಟು, ನನ್ನ ಹೆಂಡತಿಯ ಕಾರ್ಡು ತಿರುಗಿಸಿ ನೋಡಿ, "ಅಕ್ಕಾರ, ನಿಮ್ಮದು ಪುಣೆದಲ್ರೀ" ಅಂದನಂತೆ. ಇವಳು ಪರ್ಸ್ ಹುಡುಕುವಷ್ಟರಲ್ಲಿ ಅವ್ವ ಸೆರಗಿನ ಗಂಟು ಬಿಚ್ಚಿ, ಎಣಿಸಿ, ಸೊಸೆಯ ಟಿಕೆಟ್ಟಿನ ದುಡ್ಡು ಕೊಟ್ಟುಬಿಟ್ಟಿದ್ದಳು.