ಸ್ಪ್ರಿಂಗ್ ಬಿಗಿಯಾದಷ್ಟೂ ಏಟು ಬಲವೇ?

ಪ್ರಶ್ನೆ: ನಳಿಕೆ ಮಡಚುವ ಏರ್ ರೈಫಲ್‌ಗೆ ಹೊಸ ಸ್ಪ್ರಿಂಗ್ ಹಾಕಿ ನಾನೇ ಜೋಡಿಸಿದೆ. ಹೊಡೆದಾಗಲೆಲ್ಲ ‘ಟಂಯ್’ ಎಂದು ನಡುಗುತ್ತದೆ, ಗುಂಡುಗಳು ಚದುರಿ ಬೀಳುತ್ತವೆ. ವೇಗ ಹೆಚ್ಚಿಸಲು ಸ್ಪ್ರಿಂಗ್ ಹಿಂದೆ 3 ಮಿ.ಮೀ. ವಾಷರ್ ಇಡಬಹುದೇ?

ಉತ್ತರ: ವಾಷರ್ ವಿಚಾರ ಆಮೇಲೆ, ಮೊದಲು ಆ ಸದ್ದು. ಸ್ಪ್ರಿಂಗನ್ನು ಗೈಡ್‌ಗೆ (ಅದರೊಳಗೆ ಕೂರುವ ಸರಳು) ಹಾಕಿ ತಲೆಕೆಳಗು ಮಾಡಿ. ಸಲೀಸಾಗಿ ಜಾರಿ ಬಿದ್ದರೆ ಕಾರಣ ಅಲ್ಲೇ ಇದೆ. ಸ್ವಲ್ಪ ತಿರುಚಿ ಕೂರಿಸಬೇಕಾಗುವಷ್ಟು ಬಿಗಿ ಇರುವ ಗೈಡ್ ಹಾಕಿ. ಸ್ಪ್ರಿಂಗನ್ನು ಗಾಜಿನ ಮೇಲೆ ಉರುಳಿಸಿಯೂ ನೋಡಿ. ಕುಂಟುತ್ತಾ ಉರುಳಿದರೆ ಬಾಗಿದೆ ಎಂದರ್ಥ, ಅದನ್ನು ಬದಲಿಸಿ. ದಪ್ಪಗೆ ಗ್ರೀಸ್ ಮೆತ್ತಿದರೆ ಸದ್ದೇನೋ ಅಡಗುತ್ತದೆ, ಆದರೆ ವೇಗವೂ ಇಳಿಯುತ್ತದೆ. ಮಾಲಿಬ್ಡಿನಂ ಗ್ರೀಸ್ ತೆಳುವಾಗಿ ಸವರಿದರೆ ಸಾಕು.

ಇನ್ನು ವಾಷರ್. ಸ್ಪ್ರಿಂಗ್‌ನ ಬಿಗಿತ ಮಿ.ಮೀ.ಗೆ 6 ನ್ಯೂಟನ್, ಜೋಡಿಸುವಾಗಲೇ ಅದುಮಿರುವುದು 40 ಮಿ.ಮೀ., ಗಾಳಿಯನ್ನು ಒತ್ತುವ ಪಿಸ್ಟನ್‌ನ ಓಟ 80 ಮಿ.ಮೀ. ಎಂದಿಟ್ಟುಕೊಳ್ಳಿ. ಕೂಡಿಡುವ ಶಕ್ತಿ 38.4 ಜೂಲ್. ಅದರಲ್ಲಿ ಗುಂಡಿಗೆ ದಕ್ಕುವುದು ಮೂರರಲ್ಲಿ ಒಂದು ಪಾಲಿನಷ್ಟೇ. 0.51 ಗ್ರಾಂ ಪೆಲೆಟ್ (ಏರ್ ರೈಫಲ್‌ನ ಗುಂಡು) ಸೆಕೆಂಡಿಗೆ 220 ಮೀಟರ್ ಓಡಿದರೆ 12.3 ಜೂಲ್. ವಾಷರ್ ಇಟ್ಟರೆ 38.4 ಎಂಬುದು 39.8 ಆಗುತ್ತದೆ, ವೇಗ ಏರುವುದು ಬರೀ 4 ಮೀಟರ್. ಇಷ್ಟಕ್ಕಾಗಿ ಒದೆತ ಹೆಚ್ಚಿಸಿಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಆದರೂ ಇಡುವುದಾದರೆ ಸುತ್ತುಗಳನ್ನು ಎಣಿಸಿ. 3 ಮಿ.ಮೀ. ತಂತಿಯ 33 ಸುತ್ತು ಪೂರ್ತಿ ಅದುಮಿದಾಗ ಸುಮಾರು 99 ಮಿ.ಮೀ. ಜಾಗ ಬೇಡುತ್ತದೆ. ಕಾಕ್ ಮಾಡಿದಾಗ, ಅಂದರೆ ನಳಿಕೆ ಮಡಚಿ ಸ್ಪ್ರಿಂಗ್ ಅದುಮಿ ನಿಲ್ಲಿಸಿದಾಗ, ಅಷ್ಟು ಜಾಗ ಉಳಿಯದಿದ್ದರೆ ಸುತ್ತುಗಳು ಒಂದಕ್ಕೊಂದು ತಾಗಿ ಲಿವರ್‌ನಂತೆ ಮಡಚುವ ನಳಿಕೆ ಅರ್ಧದಲ್ಲೇ ನಿಲ್ಲುತ್ತದೆ. ಅಲ್ಲಿ ಬಲ ಹಾಕಿ ಎಳೆಯಬೇಡಿ.

ಬಿಚ್ಚುವ ಮುನ್ನ ನಳಿಕೆ ಖಾಲಿ ಇದೆಯೇ, ಕಾಕ್ ಇಳಿದಿದೆಯೇ ನೋಡಿ. 40 ಮಿ.ಮೀ. ಅದುಮಿದ ಈ ಸ್ಪ್ರಿಂಗ್ 240 ನ್ಯೂಟನ್, ಅಂದರೆ 24 ಕೆ.ಜಿ. ತೂಕದಷ್ಟು ತಳ್ಳುತ್ತಿರುತ್ತದೆ. ಸ್ಪ್ರಿಂಗ್ ಅದುಮಿ ಹಿಡಿಯುವ ಸಾಧನ (ಸ್ಪ್ರಿಂಗ್ ಕಂಪ್ರೆಸರ್) ಇಲ್ಲದೆ ಬರಿಗೈಯಲ್ಲಿ ಪಿನ್ ತೆಗೆಯಲು ಹೋಗಬೇಡಿ.

ಪರೀಕ್ಷೆಗೆ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಬೇಕು. ಜೋಡಿಸಿದ ಮೇಲಿನ ಮೊದಲ 20–30 ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೆಚ್ಚುವರಿ ಗ್ರೀಸ್ ಸುಟ್ಟು ಹೋಗಲಿ. ಆಮೇಲೆ ಒಂದೇ ಬಗೆಯ ಪೆಲೆಟ್‌ನಲ್ಲಿ 10 ಹೊಡೆದು, ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ಅಂತರ ಬರೆದಿಡಿ. ಸರಾಸರಿಗಿಂತ ಈ ಅಂತರವೇ ಹೆಚ್ಚು ಹೇಳುತ್ತದೆ.

ಪ್ರಶ್ನೆ: ಎಣ್ಣೆ ಬಿಟ್ಟ ಮೇಲೆ ಪಟಾಕಿಯಂತೆ ಸಿಡಿದು ಹೊಗೆ ಬರುತ್ತಿದೆ. ಯಾಕೆ?

ಉತ್ತರ: ಎಣ್ಣೆ ಪಿಸ್ಟನ್ ತುದಿಯ ಸೀಲ್‌ನ (ಗಾಳಿ ಸೋರದಂತೆ ತಡೆಯುವ ಭಾಗ) ಮುಂದಕ್ಕೆ ಇಳಿದಿದೆ. ಒತ್ತಡಕ್ಕೆ ಸಿಕ್ಕ ಗಾಳಿ ಕಾದು ಅದನ್ನು ಹೊತ್ತಿಸುತ್ತಿದೆ. ಡೀಸೆಲ್ ಎಂಜಿನ್ನಿನ ಕೆಲಸವೇ ಇದು. ಹೀಗೇ ಬಿಟ್ಟರೆ ಸೀಲ್ ಸುಡುತ್ತದೆ. ಬಿಚ್ಚಿ, ಸಿಲಿಂಡರ್ ಒರೆಸಿ ಒಣಗಿಸಿ.

ಪ್ರಶ್ನೆ: ಪೆಲೆಟ್ ಇಲ್ಲದೆ ಟ್ರಿಗರ್ ಎಳೆದು ಸ್ಪ್ರಿಂಗ್ ಪರೀಕ್ಷಿಸಬಹುದೇ?

ಉತ್ತರ: ಬೇಡ. ಪೆಲೆಟ್ ತಡೆದಾಗಷ್ಟೇ ಪಿಸ್ಟನ್ ಮುಂದೆ ಗಾಳಿಯ ಮೆತ್ತೆ ಉಳಿಯುವುದು. ಅದಿಲ್ಲದಿದ್ದರೆ ಪಿಸ್ಟನ್ ನೇರ ಲೋಹಕ್ಕೆ ಬಡಿಯುತ್ತದೆ.