ಹೊಸ ಬಾಯ್ಲರ್ ಕಾಯ್ದೆ ಬಂದಿದೆ. ಸೆಕೆಂಡ್ ಕ್ಲಾಸ್ ಪರೀಕ್ಷೆಗೆ ಈಗಲೇ ಕೂರಬೇಕಾ, ಕಾಯಬೇಕಾ?

ಪುಣೆ ಹತ್ತಿರದ ಚಾಕಣ್‌ನಲ್ಲಿ ಲೈಸೆನ್ಸ್ ಇಲ್ಲದೆ, ಅಂದರೆ ಬಾಯ್ಲರ್ ನಡೆಸಲು ಬೇಕಾದ ಸೆಕೆಂಡ್ ಕ್ಲಾಸ್ ಸರ್ಟಿಫಿಕೇಟ್ ಇಲ್ಲದೆ, ರಾತ್ರಿ ಪಾಳಿಯ ಬಾಯ್ಲರ್ (ನೀರು ಕಾಯಿಸಿ ಆವಿ ಮಾಡುವ ಯಂತ್ರ) ನೋಡಿಕೊಳ್ಳುತ್ತಿದ್ದೀರಿ. ಹೊಸ ಕಾಯ್ದೆಯಿಂದ ಪರೀಕ್ಷೆ ಸುಲಭ ಆಗುತ್ತದಾ, ಇಲ್ಲ ಏಜೆಂಟ್‌ಗೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ಮಾಡಿಸಲಾ ಅಂತ ಕೇಳಿದ್ದೀರಿ. ನಾನು ಪುಣೆಯ ಭೋಸರಿಯಲ್ಲಿ ಇದೇ ಕೆಲಸ ಮಾಡಿದವನು, ನಿಮ್ಮ ಹಾಗೇ ಲೈಸೆನ್ಸ್ ಇಲ್ಲದೆ.

ನಮ್ಮೂರು ಇಂಡಿ ಹತ್ತಿರ. ಸೋದರಮಾವ ಪುಣೆಗೆ ಕರೆದುಕೊಂಡು ಬಂದು ಬಟ್ಟೆಗೆ ಬಣ್ಣ ಹಾಕುವ ಒಂದು ಘಟಕಕ್ಕೆ ಸೇರಿಸಿದರು. ಕಂಪನಿಯ ಕೆಲಸಗಾರ ಅಲ್ಲ, ಕಾಂಟ್ರಾಕ್ಟರ್ ಕಡೆಯವನು. ಮೊದಲು ಬ್ರಿಕೆಟ್ (ಹೊಟ್ಟು ಒತ್ತಿ ಮಾಡಿದ ಉರುವಲು) ಹೊತ್ತು ಒಲೆಗೆ ಹಾಕುವುದು, ಬೂದಿ ಎಳೆಯುವುದು, ಅಷ್ಟೇ. ಅಲ್ಲಿ ಸಾತಾರಾ ಕಡೆಯ ಹಿರಿಯ ಅಟೆಂಡೆಂಟ್, ಅಂದರೆ ಸರ್ಟಿಫಿಕೇಟ್ ಇದ್ದು ಬಾಯ್ಲರ್ ನಡೆಸುವವರು, ಒಬ್ಬರಿದ್ದರು. ಅವರೇ ನನಗೆ ಕೆಲಸ ಕಲಿಸಿದ್ದು. ಪಾಳಿಗೆ ಬಂದ ತಕ್ಷಣ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ಬ್ಲೋ ಮಾಡಿ (ಆವಿ, ನೀರು ಹಾಯಿಸಿ ತೊಳೆದು) ನೋಡು, ಎರಡೂ ಗ್ಲಾಸ್ ಒಂದೇ ಮಟ್ಟ ತೋರಿಸುತ್ತವಾ ತಾಳೆ ನೋಡು ಅನ್ನುತ್ತಿದ್ದರು. ಗ್ಲಾಸ್‌ನಲ್ಲಿ ನೀರು ಕಾಣಲಿಲ್ಲ ಅಂದರೆ ಗಾಬರಿಯಿಂದ ನೀರು ತುಂಬುವ ಫೀಡ್ ಪಂಪ್ ಹಾಕಬೇಡ, ಮೊದಲು ಬೆಂಕಿ ನಿಲ್ಲಿಸು ಅಂತ ಎಷ್ಟೋ ಸಲ ಹೇಳಿದ್ದರು. ನೀರು ಆವಿಯಾದರೆ ಸಾಮಾನ್ಯ ಒತ್ತಡದಲ್ಲಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ನೀರಿಲ್ಲದೆ ಕೆಂಪಗೆ ಕಾದ ಟ್ಯೂಬಿಗೆ ತಣ್ಣೀರು ಬಿಟ್ಟರೆ ಏನಾಗಬಹುದು ಅಂತ ಯೋಚಿಸಿ. ಎಲ್ಲ ಬಾಯ್ಲರ್ ಮನೆಯಲ್ಲೂ ಹೊಸಬರಿಗೆ ಮೊದಲು ಇದನ್ನು ಕಲಿಸಬೇಕು. ಹಲವು ಕಡೆ ಕಲಿಸುವುದಿಲ್ಲ.

ನಿಧಾನವಾಗಿ ರಾತ್ರಿ ಪಾಳಿ ಪೂರ್ತಿ ನನ್ನ ಕೈಗೆ ಬಂತು. ಹಿರಿಯರ ಸರ್ಟಿಫಿಕೇಟ್ ಗೋಡೆ ಮೇಲೆ ತೂಗುತ್ತಿತ್ತು, ಅವರು ಮನೆಯಲ್ಲಿ ಮಲಗಿರುತ್ತಿದ್ದರು. ಲಾಗ್ ಬುಕ್‌ನಲ್ಲಿ ಗಂಟೆಗೊಮ್ಮೆ ಪ್ರೆಷರ್, ನೀರಿನ ಮಟ್ಟ, ಬ್ಲೋಡೌನ್ (ತಳದ ಕೊಳೆ ನೀರು ಹೊರಬಿಡುವುದು) ಎಲ್ಲ ನಾನೇ ಬರೆಯುತ್ತಿದ್ದೆ. ಕೆಳಗೆ ಸಹಿ ಮಾತ್ರ ಅವರದು, ಬೆಳಿಗ್ಗೆ ಬಂದು ಒಟ್ಟಿಗೆ ಹಾಕುತ್ತಿದ್ದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕೆಲಸ ಬರುತ್ತದೆ, ಸಂಬಳ ಬರುತ್ತದೆ, ಪರೀಕ್ಷೆ ಮುಂದೆ ಯಾವಾಗಲಾದರೂ ಕಟ್ಟಿದರಾಯಿತು ಅಂದುಕೊಂಡಿದ್ದೆ.

ಎಡವಿದ್ದು ಇಲ್ಲೇ. ಪರೀಕ್ಷೆ ತಡ ಮಾಡಿದ್ದು ದೊಡ್ಡ ತಪ್ಪಲ್ಲ. ನನ್ನ ಹೆಸರು ಒಂದು ಕಾಗದದಲ್ಲೂ ಇರದ ಹಾಗೆ ವರ್ಷಗಟ್ಟಲೆ ದುಡಿದೆ, ಅದು ತಪ್ಪು. ಸೆಕೆಂಡ್ ಕ್ಲಾಸ್ ಪರೀಕ್ಷೆಗೆ ಅರ್ಜಿ ಹಾಕುವಾಗ ಬಾಯ್ಲರ್ ಮೇಲೆ ಕೆಲಸ ಮಾಡಿದ ಅನುಭವವನ್ನು ತೋರಿಸಬೇಕು. ಸುಮ್ನೆ 'ಒಳ್ಳೆಯ ಹುಡುಗ' ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡರೆ ಆಗಲ್ಲ. ಯಾವ ಬಾಯ್ಲರ್, ಅದರ ನೋಂದಣಿ ಸಂಖ್ಯೆ ಏನು, ಹೀಟಿಂಗ್ ಸರ್ಫೇಸ್ (ಬೆಂಕಿಯ ಕಾವು ತಾಗುವ ಮೈ) ಎಷ್ಟು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಕೆಲಸ, ಇಷ್ಟೂ ಇರಬೇಕು. ಜವಾಬ್ದಾರಿ ಇರುವವರ ಸಹಿ ಇರಬೇಕು.

ಕಾಂಟ್ರಾಕ್ಟರ್‌ನ ಗುತ್ತಿಗೆ ಮುಗಿಯಿತು. ಹೊಸ ಕಾಂಟ್ರಾಕ್ಟರ್ ತನ್ನ ಹುಡುಗರನ್ನು ತಂದ. ನಾನು ಕಂಪನಿ ಆಫೀಸಿಗೆ ಹೋಗಿ ಅನುಭವ ಪತ್ರ ಕೇಳಿದೆ. 'ನೀನು ನಮ್ಮವನಲ್ಲ, ಕಾಂಟ್ರಾಕ್ಟರ್‌ನ ಕೇಳು' ಅಂದರು. ಕಾಂಟ್ರಾಕ್ಟರ್ ಫೋನ್ ಎತ್ತಲೇ ಇಲ್ಲ. ಲಾಗ್ ಬುಕ್ ತೋರಿಸೋಣ ಅಂದರೆ ಅದರ ತುಂಬ ಇನ್ನೊಬ್ಬರ ಸಹಿ. ಆ ಹಿರಿಯರು ಒಳ್ಳೆಯವರು. ಆದರೆ ರಾತ್ರಿ ಅವರು ಇರಲಿಲ್ಲ, ನಾನಿದ್ದೆ ಅಂತ ಬರೆದುಕೊಟ್ಟರೆ ಅವರ ಸರ್ಟಿಫಿಕೇಟ್‌ಗೇ ಕುತ್ತು. ಹೇಗೆ ಕೊಟ್ಟಾರು? ಕೊನೆಗೆ ಪುಣೆ ಜಿಲ್ಲೆಯ ಕುರ್ಕುಂಭ್ ಕಡೆ ಹೆಲ್ಪರ್ ಆಗಿ, ಕಡಿಮೆ ಸಂಬಳಕ್ಕೆ, ಮತ್ತೆ ಬೂದಿ ಎಳೆಯುವುದರಿಂದ ಶುರು ಮಾಡಿದೆ. ಕೈಗೆ ಕೆಲಸ ಗೊತ್ತಿತ್ತು, ಕಾಗದದ ಪ್ರಕಾರ ನಾನು ಅವತ್ತು ಹುಟ್ಟಿದ ಕೂಸು.

ಇನ್ನೊಂದು ವಿಷಯ ನನಗೆ ಹೊಳೆದದ್ದು ಬಹಳ ತಡವಾಗಿ. ಆ ರಾತ್ರಿಗಳಲ್ಲಿ ಏನಾದರೂ ಆಗಿದ್ದರೆ, ದಾಖಲೆ ಪ್ರಕಾರ ನಾನು ಅಲ್ಲಿ ಬಾಯ್ಲರ್ ನಡೆಸುತ್ತಲೇ ಇರಲಿಲ್ಲ. ನನ್ನ ಮನೆಯವರು ಪರಿಹಾರ ಕೇಳಲು ಯಾವ ಕಾಗದ ಹಿಡಿದು ಹೋಗುತ್ತಿದ್ದರು? ನೀವು ಈಗ ನಿಂತಿರುವುದು ಅದೇ ಜಾಗದಲ್ಲಿ.

ಈಗ ಕಾಯ್ದೆ ಮಾತು. 1923ರ ಬಾಯ್ಲರ್ ಕಾಯ್ದೆ ಹೋಗಿ 2025ರ ಕಾಯ್ದೆ ಬಂದಿದೆ, 2025ರ ಮೇ 1ರಿಂದ ಜಾರಿಯಲ್ಲಿದೆ. ಕೆಲವು ಸಣ್ಣ ತಪ್ಪುಗಳಿಗೆ ಕ್ರಿಮಿನಲ್ ಮೊಕದ್ದಮೆ ಬದಲು ಬರೀ ದಂಡ ಅಂತ ಮಾಡಿದ್ದಾರೆ. ಇದನ್ನೇ ಹಿಡಿದುಕೊಂಡು 'ಇನ್ನು ಲೈಸೆನ್ಸ್ ಗಿಯ್ಸೆನ್ಸ್ ಏನೂ ಬೇಡ' ಅಂತ ಹೇಳುವವರು ಭೋಸರಿ, ಚಾಕಣ್ ತುಂಬ ಇದ್ದಾರೆ. ನಂಬಬೇಡಿ. ಪ್ರಾಣ, ಆಸ್ತಿಗೆ ಅಪಾಯ ತರುವಂಥ ದೊಡ್ಡ ತಪ್ಪುಗಳಿಗೆ ಜೈಲು ಶಿಕ್ಷೆ ಹಾಗೇ ಇದೆ. ಬಾಯ್ಲರ್ ಅರ್ಹ ಸರ್ಟಿಫಿಕೇಟ್ ಇರುವವರ ಉಸ್ತುವಾರಿಯಲ್ಲೇ ನಡೆಯಬೇಕು ಅನ್ನುವುದೂ ಹೋಗಿಲ್ಲ. ಹಾಗಾಗಿ 'ಕಾಯಲಾ' ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಪರೀಕ್ಷೆ ನಾಳೆ ಸುಲಭವೇ ಆಗಲಿ, ಅನುಭವ ಪತ್ರ ಇಲ್ಲದೆ ಬಾಗಿಲ ಹೊರಗೇ ನಿಲ್ಲುತ್ತೀರಿ.

ನಿಮಗೆ ಜಾಸ್ತಿ ಉಪಯೋಗ ಆಗುವ ಬದಲಾವಣೆ ಬೇರೆ ಕಾಯ್ದೆಯಲ್ಲಿದೆ. 2020ರ ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರ ಪ್ರಕಾರ ಪ್ರತಿ ಕೆಲಸಗಾರನಿಗೂ ನೇಮಕ ಪತ್ರ ಕೊಡಬೇಕು. ಗುತ್ತಿಗೆ ಕೆಲಸಗಾರ ಕೇಳಿದರೆ, ಯಾವ ಕೆಲಸ ಮಾಡಿದ ಅಂತ ವಿವರ ಇರುವ ಅನುಭವ ಪತ್ರವನ್ನು ಕಾಂಟ್ರಾಕ್ಟರ್ ಕೊಡಲೇಬೇಕು, ಇದು ಅದರ 56ನೇ ಕಲಂ. 'ಕೇಳಿದರೆ' ಅಂತ ಇದೆ ನೋಡಿ, ಕೇಳದಿದ್ದರೆ ಯಾರೂ ತಾವಾಗಿ ತಂದುಕೊಡಲ್ಲ. ಆದರೆ ಗುತ್ತಿಗೆ ಕೆಲಸಗಾರರ ಈ ಭಾಗ ಅನ್ವಯ ಆಗುವುದು 50 ಅಥವಾ ಅದಕ್ಕಿಂತ ಹೆಚ್ಚು ಗುತ್ತಿಗೆ ಕೆಲಸಗಾರರಿರುವ ಕಂಪನಿಗೆ, ಇಲ್ಲವೇ ಅಷ್ಟು ಜನರನ್ನು ಇಟ್ಟುಕೊಂಡ ಕಾಂಟ್ರಾಕ್ಟರ್‌ಗೆ. ನಮ್ಮಂಥವರು ಸಿಕ್ಕಿಹಾಕಿಕೊಳ್ಳುವುದು ಸಣ್ಣ ಕಂಪನಿಗಳಲ್ಲಿ, ಹತ್ತಿಪ್ಪತ್ತು ಜನರ ಸಣ್ಣ ಕಾಂಟ್ರಾಕ್ಟರ್‌ಗಳ ಹತ್ತಿರವೇ. ಅವರನ್ನು ಹೊರಗೆ ಬಿಟ್ಟಿದ್ದು ನನ್ನ ಪ್ರಕಾರ ಅನ್ಯಾಯ. ನಿಮ್ಮ ಕಂಪನಿಯೂ ಕಾಂಟ್ರಾಕ್ಟರ್‌ನೂ ಅಷ್ಟು ದೊಡ್ಡದಲ್ಲದಿದ್ದರೆ ನೇಮಕ ಪತ್ರವನ್ನು ಗಟ್ಟಿಯಾಗಿ ಕೇಳಿ, ಅದರಲ್ಲಿ 'ಹೆಲ್ಪರ್' ಅಂತ ಬಿಡದೆ 'ಬಾಯ್ಲರ್ ವಿಭಾಗ' ಅಂತ ಬರೆಸಿ.

ಏಜೆಂಟ್ ವಿಷಯ ಎರಡೇ ಮಾತು. ಸರ್ಟಿಫಿಕೇಟ್ ಕೊಟ್ಟ ಇಲಾಖೆಯಲ್ಲಿ ಅದರ ದಾಖಲೆ ಇರುತ್ತದೆ, ನಕಲಿ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದಿದ್ದರೂ, ಫ್ಯೂಸಿಬಲ್ ಪ್ಲಗ್ (ನೀರು ಕಮ್ಮಿಯಾಗಿ ಬಿಸಿ ಮಿತಿಮೀರಿದರೆ ಕರಗುವ ಬಿರಡೆ) ಯಾಕಿದೆ ಅಂತ ಗೊತ್ತಿಲ್ಲದವನು ಕೊಂಡ ಕಾಗದ ಹಿಡಿದು ಬಾಯ್ಲರ್ ಮುಂದೆ ನಿಂತರೆ ಪಕ್ಕದ ಶೆಡ್‌ನವರ ಗತಿ ಏನು? ನಿಮಗೆ ಕೆಲಸ ಬರುತ್ತದೆ, ಪರೀಕ್ಷೆಗೆ ಹೆದರಬೇಡಿ. ಎದುರಿಗೆ ಕೂರಿಸಿ ಕೇಳುವುದು ನೀವು ದಿನಾ ಮಾಡುವ ಕೆಲಸವನ್ನೇ: ಸೇಫ್ಟಿ ವಾಲ್ವ್, ಬ್ಲೋಡೌನ್, ನೀರು ಕಮ್ಮಿಯಾದರೆ ಏನು ಮಾಡುತ್ತೀಯ. ಭಾಗಗಳ ಹೆಸರನ್ನು ಇಂಗ್ಲಿಷ್‌ನಲ್ಲೂ ವಿವರಣೆಯನ್ನು ಮರಾಠಿ ಅಥವಾ ಹಿಂದಿಯಲ್ಲೂ ಹೇಳಿ ಅಭ್ಯಾಸ ಮಾಡಿ. ನನ್ನ ತಲೆಯಲ್ಲಿ ಉತ್ತರ ಕನ್ನಡದಲ್ಲೇ ಇರುತ್ತಿತ್ತು, ಪರೀಕ್ಷೆಯಲ್ಲಿ ತಡವರಿಸಿದ್ದು ಅದಕ್ಕೇ.

ಲಾಗ್ ಬುಕ್‌ನಲ್ಲಿ ಇವತ್ತಿನಿಂದ ರೀಡಿಂಗ್ ತೆಗೆದವರು ಅಂತ ನಿಮ್ಮ ಹೆಸರೂ ಬರಲಿ. ಲೈಸೆನ್ಸ್ ಇರುವವರು ರಾತ್ರಿ ಅಲ್ಲೇ ಇರಬೇಕು ಅಂತ ಹೇಳಿ, ಒಬ್ಬರೇ ನಡೆಸಬೇಡಿ. ಬಾಯ್ಲರ್ ಮೈ ಮೇಲೆ ಕೊರೆದಿರುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅನುಭವ ಪತ್ರ ಕೇಳಲು ಒಳ್ಳೆಯ ಸಮಯ ವಾರ್ಷಿಕ ತಪಾಸಣೆಗೆ ಬಾಯ್ಲರ್ ನಿಲ್ಲಿಸಿದಾಗ. ಆಗ ಫೈಲ್‌ಗಳೆಲ್ಲ ಮೇಜಿನ ಮೇಲೆ ಇರುತ್ತವೆ, ಇನ್‌ಸ್ಪೆಕ್ಟರ್ ಬರುವವರಿರುತ್ತಾರೆ, ಮ್ಯಾನೇಜರ್‌ಗೆ ನಿಮ್ಮಂಥ ಕೆಲಸಗಾರ ಬೇಕೇ ಬೇಕು. ಅವತ್ತು ಇಲ್ಲ ಅನ್ನುವುದು ಅವರಿಗೂ ಕಷ್ಟ.