‘ಅಂತೆ’ಯನ್ನು ಯಾಕೆ ಕಿತ್ತಿರಿ?

ನಮಸ್ಕಾರ.

ನಿಮ್ಮ ‘ಪಟೇಲರ ಮಗ’ ಲೇಖನವನ್ನು ಎರಡು ಸಲ ಓದಿದೆ, ಎರಡನೆಯ ಸಲ ಪೆನ್ನು ಹಿಡಿದುಕೊಂಡು. ಕಾಸರಗೋಡಿನ ಬಂಟ ಮನೆತನವೊಂದರ ನಿಮ್ಮ ಮುತ್ತಜ್ಜನ ತಂದೆ ಯಾರು ಎಂದು ಹುಡುಕುತ್ತಾ ಹೋಗಿ, ಊರಿನ ಪಟೇಲರೇ ತಂದೆ ಎಂದು ತೀರ್ಮಾನಿಸಿದ್ದೀರಿ. ಬರವಣಿಗೆಗೆ ಓಟವಿದೆ. ಅಟ್ಟದಿಂದ ಕಾಗದದ ಪೆಟ್ಟಿಗೆ ಇಳಿಸುವ ಭಾಗದಲ್ಲಿ ನನಗೇ ಧೂಳು ಮೂಗಿಗೆ ಹೊಡೆದ ಹಾಗಾಯಿತು. ಆದರೆ ತೀರ್ಮಾನ ನಿಲ್ಲುವುದಿಲ್ಲ. ಈಗಿರುವ ರೂಪದಲ್ಲಿ ಪ್ರಕಟಿಸುವುದಿಲ್ಲ.

ನಿಮ್ಮ ಮುಖ್ಯ ಆಧಾರ 1924ರ ಪತ್ರ. ಅದರಲ್ಲಿ ಪಟೇಲರು ಯಜಮಾನರು, ಅವರ ಕೆಳಗೇ ಮುತ್ತಜ್ಜನ ಹೆಸರು. ‘ಒಂದೇ ಕುಟುಂಬದ ಹಿರಿಯ ಮತ್ತು ಕಿರಿಯ, ಅಂದರೆ ತಂದೆ ಮಗ’ ಎಂದಿದ್ದೀರಿ. ಘಟ್ಟದ ಮೇಲಿನವರು ಹೀಗೆ ಓದಿದ್ದರೆ ಸುಮ್ಮನಿರುತ್ತಿದ್ದೆ. ನಿಮ್ಮದು ಅಳಿಯಸಂತಾನ, ಅಂದರೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ. ಅಂಥ ಕುಟುಂಬದಲ್ಲಿ ಗಂಡಸಿನ ಸ್ವಂತ ಮಕ್ಕಳು ಅವನ ಕುಟುಂಬಕ್ಕೆ ಸೇರುವುದಿಲ್ಲ, ತಾಯಿಯ ಕುಟುಂಬಕ್ಕೆ ಸೇರುತ್ತಾರೆ. ಯಜಮಾನನ ಜೊತೆ ಒಂದೇ ಪತ್ರದಲ್ಲಿ ಕುಟುಂಬದ ಸದಸ್ಯನಾಗಿ ರುಜು ಹಾಕಿದ ಹುಡುಗ ಅವನ ಅಳಿಯನೋ ತಮ್ಮನೋ ಆಗಿರಬಹುದು, ಮಗ ಮಾತ್ರ ಆಗಿರಲಾರ. ನೀವು ತಂದೆಯೆಂದು ತೋರಿಸಲು ತಂದ ಕಾಗದವೇ ಅಲ್ಲವೆಂದು ಹೇಳುತ್ತಿದೆ.

ಇನ್ನೊಂದು ನಿಮ್ಮ ಮೂರನೆಯ ಪುಟದಲ್ಲೇ ಇದೆ. ಇಬ್ಬರದೂ ಒಂದೇ ಬಳಿ ಎಂದು ಸ್ವಲ್ಪ ಹೆಮ್ಮೆಯಿಂದಲೇ ಬರೆದಿದ್ದೀರಿ. ಬಳಿ ಎಂದರೆ ಗೋತ್ರದ ಹಾಗೆ, ಆದರೆ ಬರುವುದು ತಾಯಿಯಿಂದ. ಒಂದೇ ಬಳಿಯ ಗಂಡು ಹೆಣ್ಣಿಗೆ ಮದುವೆ ಇಲ್ಲ. ಹಾಗಿರುವಾಗ ಅಪ್ಪನದೂ ಮಗನದೂ ಒಂದೇ ಬಳಿ ಆಗುವುದು ಹೇಗೆ? ಮನೆಯಲ್ಲಿ ಯಾವ ಅಜ್ಜಿಯನ್ನು ಕೇಳಿದ್ದರೂ ಬಾಯಿಗೆ ಕೈ ಹಿಡಿದು ನಗುತ್ತಿದ್ದರು.

ತಪ್ಪು ಪೂರ್ತಿ ನಿಮ್ಮದಲ್ಲ. ಕೇರಳದಲ್ಲಿ ಕೂಡುಕುಟುಂಬ ಪದ್ಧತಿ 1976ರ ಡಿಸೆಂಬರಿನಲ್ಲಿ ಕಾನೂನಿನಿಂದಲೇ ಹೋಯಿತು. ಆಮೇಲೆ ಹುಟ್ಟಿದವರಿಗೆ ಎಲ್ಲ ಅರ್ಜಿಯಲ್ಲೂ ತಂದೆಯ ಹೆಸರಿನ ಸಾಲು ಇದ್ದೇ ಇರುತ್ತದೆ. ಹಳೆಯ ಪತ್ರದಲ್ಲೂ ಕಣ್ಣು ಅದನ್ನೇ ಹುಡುಕುತ್ತದೆ. ಅಂದಹಾಗೆ ಆ 1924ರ ಪತ್ರವನ್ನು ‘ಪಾಲುಪಟ್ಟಿ’ ಎಂದು ಕರೆಯಬೇಡಿ. 1949ರ ಮದ್ರಾಸು ಅಳಿಯಸಂತಾನ ಕಾಯ್ದೆಗೆ ಮೊದಲು ಎಲ್ಲರೂ ಒಪ್ಪದೆ ಪಾಲು ಆಗುತ್ತಿರಲಿಲ್ಲ. ನೀವು ಕಳಿಸಿದ ಪ್ರತಿಯಲ್ಲಿ ಇರುವುದು ಅನುಭೋಗದ ಕರಾರು ಮಾತ್ರ, ಆಸ್ತಿಯನ್ನು ಪಾಲು ಮಾಡದೆ ಯಾರು ಯಾವುದನ್ನು ಅನುಭವಿಸಬೇಕು ಎಂಬ ಒಪ್ಪಂದ.

ಶಾಲೆಯ ದಾಖಲಾತಿ ಪುಸ್ತಕದಲ್ಲೂ ಪಟೇಲರ ಹೆಸರಿದೆ, ನಿಜ. ಆದರೆ ಆ ಕಾಲಮಿನ ತಲೆಬರಹ ‘ತಂದೆ ಅಥವಾ ಪೋಷಕ’. ಸೋದರಮಾವನೇ ಕರೆದುಕೊಂಡು ಹೋಗಿ ಸೇರಿಸಿದರೆ ಮತ್ತೇನು ಬರೆಯುತ್ತಾರೆ? ಇನ್ನು ತರವಾಡು ಮನೆಯ (ಕುಟುಂಬದ ಮೂಲಮನೆಯ) ಕಲ್ಲು, ಸ್ಮರಣ ಸಂಚಿಕೆಯ ವಂಶವೃಕ್ಷ, ಪತ್ರಿಕೆಯ ನಿಧನವಾರ್ತೆ ಇವನ್ನು ಮೂರು ಸಾಕ್ಷಿ ಎಂದು ಎಣಿಸಿದ್ದೀರಿ. ಮೂರನ್ನೂ ಬರೆಸಿದವರು ಒಬ್ಬರೇ ಮಾವ. ಸಾಕ್ಷಿ ಒಂದೇ.

ನನಗೆ ನಿಜವಾಗಿ ಬೇಸರವಾದದ್ದು ಬೇರೆ ಕಡೆ. ಅಜ್ಜಿಯ ತಂಗಿಯ ಜೊತೆಗಿನ ಮಾತುಕತೆಯನ್ನು ತುಳುವಿನಲ್ಲೇ ಬರೆದು ಲಗತ್ತಿಸಿದ್ದೀರಿ, ಒಳ್ಳೆಯದಾಯಿತು. ತಮ್ಮ ಅಪ್ಪ, ಅಂದರೆ ನಿಮ್ಮ ಮುತ್ತಜ್ಜ, ಚಿಕ್ಕಂದಿನಲ್ಲಿ ಹೊಳೆ ದಾಟಿ ‘ಅಪ್ಪನ ಮನೆಯ’ ನೇಮಕ್ಕೆ (ದೈವದ ಉತ್ಸವಕ್ಕೆ) ಹೋಗುತ್ತಿದ್ದ ಸಂಗತಿ ಹೇಳುವಾಗ ಅವರ ಮಾತು ‘ಪೋವೊಂದಿತ್ತೆರ್‌ಗೆ’ ಎಂದು ಮುಗಿಯುತ್ತದೆ. ಲೇಖನದಲ್ಲಿ ಅದು ‘ಹೊಳೆಯಾಚೆಯ ನೆಂಟರ ಮನೆಯ ನೇಮಕ್ಕೆ ಹೋಗುತ್ತಿದ್ದರು’ ಎಂದಾಗಿದೆ. ಎರಡು ಕಳ್ಳತನ! ಅಪ್ಪನ ಮನೆ ನೆಂಟರ ಮನೆಯಾಯಿತು, ಯಾಕೆಂದರೆ ನಿಮ್ಮ ಪಟೇಲರು ಹೊಳೆಯ ಈಚೆ, ಅದೇ ಸೂರಿನಡಿ ಇದ್ದವರು. ಕೊನೆಯ ‘ಗೆ’ ಮಾಯವಾಯಿತು. ಆ ‘ಗೆ’ ನಮ್ಮ ಕನ್ನಡದ ‘ಅಂತೆ’. ತಾನು ಕಂಡದ್ದಲ್ಲ, ಕೇಳಿದ್ದು ಎಂದು ಅವರು ಒಂದೇ ಅಕ್ಷರದಲ್ಲಿ ಪ್ರಾಮಾಣಿಕವಾಗಿ ಹೇಳಿದ್ದರು. ‘ಹೋದರು’, ‘ಹೋಗಿರಬೇಕು’, ‘ಹೋಗಿರಬಹುದು’, ‘ಹೋದರಂತೆ’ ಎಂದು ನಮ್ಮ ಕ್ರಿಯಾಪದದ ಬಾಲದಲ್ಲೇ ತಕ್ಕಡಿ ಇದೆ. ನಿಮ್ಮ ಹನ್ನೊಂದು ಪುಟದಲ್ಲಿ ಎಲ್ಲವೂ ‘ಹೋದರು’.

ನನ್ನ ಮಟ್ಟಿಗೆ ಇಡೀ ಕಡತದಲ್ಲಿ ತೂಕದ ಮಾತು ಆ ಅಜ್ಜಿಯದೇ, ಕೇಳಿದ್ದಾದರೂ. ಪಟೇಲರ ಮೊಮ್ಮಗಳು ಎನ್ನಿಸಿಕೊಳ್ಳುವ ಗೌರವ ಬಿಟ್ಟು, ಹೆಸರೂ ನೆನಪಿಲ್ಲದ ಹೊಳೆಯಾಚೆಯವರ ಮೊಮ್ಮಗಳು ಎಂದು ಹೇಳಿಕೊಂಡರೆ ಅವರಿಗೆ ಲಾಭವೇನು? ಹಾಗೆಂದು ಈಗ ಅದನ್ನೇ ಸತ್ಯವೆಂದು ಬರೆದುಬಿಡಬೇಡಿ.

ಮುತ್ತಜ್ಜನ ತಾಯಿಯ ಹೆಸರು ನಿಮಗೆ ಗೊತ್ತಿದೆ. ತನ್ನ ಕುಟುಂಬದ ಆಸ್ತಿ ಹೆಂಡತಿ ಮಕ್ಕಳಿಗೆ ಬಾರದು ಎಂದು ಗಂಡಂದಿರು ಸ್ವಯಾರ್ಜಿತದಲ್ಲಿ ಒಂದು ಗದ್ದೆಯನ್ನೋ ತೋಟವನ್ನೋ ಅವರ ಹೆಸರಿಗೆ ಬರೆದುಕೊಡುವುದಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೀಸು ಕಟ್ಟಿ ಒಂದನೆಯ ಸೂಚಿಯನ್ನು ನೋಡಿ. ಅದು ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನ ಪ್ರಕಾರ ಇರುತ್ತದೆ. ಆಕೆಯ ಹೆಸರಿಗೆ ದಾನಪತ್ರ ಸಿಕ್ಕಿದರೆ ಕೊಟ್ಟವರು ಯಾರು, ಆಕೆಯನ್ನು ಏನೆಂದು ಕರೆದಿದ್ದಾರೆ ನೋಡಿ. ‘ಯಾನೆ’ ಎಂಬ ಪದದ ಮೇಲೆ ಕಣ್ಣಿರಲಿ, ಅದರ ಮುಂದೆ ಬರುವುದು ಅದೇ ವ್ಯಕ್ತಿಯ ಇನ್ನೊಂದು ಹೆಸರು. ನಾನೊಮ್ಮೆ ನಮ್ಮದೇ ಮನೆಯ ಕಾಗದದಲ್ಲಿ ಅದನ್ನು ಗಮನಿಸದೆ ಒಬ್ಬ ಅಜ್ಜನನ್ನು ಇಬ್ಬರು ಮಾಡಿ ಒಂದು ಮಳೆಗಾಲ ಕಳೆದಿದ್ದೇನೆ.

ಏನೂ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ, ಹಾಕುತ್ತೇನೆ. ಶೀರ್ಷಿಕೆ ಮಾತ್ರ ಬದಲಾಗಲಿ.

ಕಚೇರಿಯ ಸೂಚಿ ಎಲ್ಲಿಗೂ ಓಡಿ ಹೋಗುವುದಿಲ್ಲ. ಅಜ್ಜಿಗೆ 87 ಎಂದು ಬರೆದಿದ್ದೀರಿ. ಮೊದಲು ಅವರ ಬಳಿಗೆ ಹೋಗಿ, ಈ ವಾರವೇ. ಯಾವ ಹೊಳೆ, ಯಾವ ದೈವದ ನೇಮ, ಇದನ್ನು ಹೇಳಿದ್ದು ಅಪ್ಪನೋ ಅಮ್ಮನೋ ಎಂದು ಕೇಳಿ. ಅವರು ‘ಗೆ’ ಎಂದರೆ ‘ಗೆ’ ಎಂದೇ ಬರೆದುಕೊಳ್ಳಿ.

ಇಂತಿ,
ಸಂಪಾದಕ